ಹಳದಿ ನೂಲಿನ ಆರು ಗಂಟು

ಮುನ್ನುಡಿಯ ಮೂರನೆಯ ಪುಟಕ್ಕೆ ಬರುವಾಗ ನನ್ನ ಮೈ ಉರಿದುಹೋಯಿತು.

ಪ್ರೊಫೆಸರರೊಬ್ಬರು ಬರೆದಿದ್ದರು: ಯುದ್ಧದಲ್ಲಿ ಅಗಲಿದ ಪ್ರೇಮಿಗಳಿಬ್ಬರ ಪ್ರಯಾಣವನ್ನು ಲೇಖಕಿ ಬೇಕೆಂದೇ ಎರಡು ಹೋಳು ಮಾಡಿದ್ದಾರೆ, ಮೊದಲು ಅವನ ಹನ್ನೆರಡು ಅಧ್ಯಾಯ, ಆಮೇಲೆ ಅವಳ ಏಳು, ಈ ಅಸಮತೆಯೇ ಹೆಣ್ಣಿನ ಮೌನಕ್ಕೆ ರೂಪಕ, ಇಂಥ ಪ್ರಯೋಗ ಆ ಕಾಲಕ್ಕೆ ಅಪರೂಪ.

ರೂಪಕವಂತೆ! ಅದು ಎರಡು ಹೋಳಾದದ್ದು ಉಕ್ಕಡಂ ಕೆರೆಯ ಹತ್ತಿರದ ಒಂದು ಪ್ರೆಸ್ಸಿನಲ್ಲಿ, ಒಂದು ಮಧ್ಯಾಹ್ನ, ಮೀನು ಮಾರ್ಕೆಟ್ಟಿನ ವಾಸನೆಯ ನಡುವೆ, ಒಂದು ಕತ್ತರಿಯಿಂದ. ಆಗ ಅಲ್ಲಿದ್ದವರಲ್ಲಿ ಇದನ್ನು ಬರೆದು ಹೇಳಬಲ್ಲವನು ಈಗ ನಾನೊಬ್ಬನೇ.

ಆ ಪ್ರೆಸ್ಸಿನಲ್ಲಿ ನಾನು ಪ್ರೂಫ್ ನೋಡುತ್ತಿದ್ದೆ. ನಿವೃತ್ತನಾಗಿ ಕೆಲವು ವರ್ಷವಾಯಿತು. ನನ್ನ ಹೆಸರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ; ಮೊದಲಾಳಿಯಿಂದ, ಅಂದರೆ ಮಾಲೀಕರಿಂದ ಹಿಡಿದು ಎಲ್ಲರಿಗೂ ನಾನು 'ಪ್ರೂಫ್'. ಈಗ ಮೊದಲಾಳಿಯ ಮಗ ಪ್ರೆಸ್ ನಡೆಸುತ್ತಾನೆ. ಹಳೆಯ ತಮಿಳು ಕಾದಂಬರಿಯ ಮರುಮುದ್ರಣದ ಕರಡನ್ನು ಒಮ್ಮೆ ನೋಡಿಕೊಡಿ ಎಂದು ಮಲರ್ ಎಂಬ ಹುಡುಗಿಯ ಕೈಯಲ್ಲಿ ಕಳಿಸಿದ್ದ. ನನ್ನ ಕೆಲಸ ಈಗ ಅವಳದು. ಕರಡನ್ನು ಮೇಜಿನ ಮೇಲಿಟ್ಟವಳು ಹೊರಡಲಿಲ್ಲ.

"ಸಾರ್, ಒಂದು ಕೇಳಲಾ? ಅವಳ ಭಾಗ ಯಾಕೆ ಇಷ್ಟು ಸಣ್ಣದು? ಐದನೇ ಅಧ್ಯಾಯದಲ್ಲಿ ನದಿಯ ಈಚೆ ಇದ್ದಾಳೆ, ಮುಂದಿನದರಲ್ಲಿ ಆಚೆ ಬೆಟ್ಟದ ಮೇಲೆ. ನದಿ ದಾಟಿದ್ದು ಯಾವಾಗ?"

ಮೂವತ್ತು ವರ್ಷದಲ್ಲಿ ಇದನ್ನು ಕೇಳಿದವಳು ಇವಳೊಬ್ಬಳೇ. ಪ್ರೊಫೆಸರರು ಕೇಳಲಿಲ್ಲ. ಪಾಠ ಮಾಡಿದವರು, ಬಹುಮಾನ ಕೊಟ್ಟವರು ಕೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಈ ಕೆಲಸಕ್ಕೆ ಹೊಸದಾಗಿ ಬರುವ ಮಲರ್‌ನಂಥವರಿಗಾಗಿ. ಒಂದು ಎಚ್ಚರಿಕೆ: ನನ್ನ ನೆನಪು ಒಳ್ಳೆಯ ಪ್ರೂಫ್ ರೀಡರ್ ಅಲ್ಲ. ತನಗೆ ಅನುಕೂಲವಾದ ಕಡೆ ಅದು ತಿದ್ದುತ್ತದೆ. ಸಿಕ್ಕಿಬಿದ್ದಲ್ಲೆಲ್ಲ ಹೇಳುತ್ತೇನೆ.

ನಮ್ಮದು ನೆಗಮಂನ ನೇಕಾರರ ಮನೆ. ಹೊಸಿಲ ಒಳಗೆ ಕನ್ನಡ, ದಾಟಿದರೆ ತಮಿಳು. ಓದಿದ್ದೆಲ್ಲ ತಮಿಳು. ಕನ್ನಡದ ಅಕ್ಷರ ಕಲಿತದ್ದು ಮದುವೆಯಾದ ಮೇಲೆ. ಹೆಂಡತಿ ಕೊಳ್ಳೇಗಾಲದವಳು, ತವರಿಗೆ ಬರೆಯುವ ಕಾಗದದಲ್ಲಿ ನನ್ನ ಬಗ್ಗೆ ಏನು ಬರೆಯುತ್ತಾಳೆ ಎಂದು ತಿಳಿಯುವ ಚಪಲಕ್ಕೆ ಕಲಿತೆ. ಕಲಿಯದಿದ್ದರೆ ಸುಖವಾಗಿರುತ್ತಿದ್ದೆ.

ಆಗೆಲ್ಲ ಸೀಸದ ಮೊಳೆ. ಒಂದೊಂದೇ ಅಕ್ಷರ ಹೆಕ್ಕಿ ಸಾಲು ಜೋಡಿಸಿ, ಮಸಿ ಹಚ್ಚಿ ಒಂದು ಕರಡು ತೆಗೆಯುತ್ತಿದ್ದರು. ಒಬ್ಬ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಕರಡಿನಲ್ಲಿ ಬೆರಳಿಟ್ಟು ಹಿಂಬಾಲಿಸಬೇಕು. ನನಗೆ ಓದಿಹೇಳುತ್ತಿದ್ದವರು ಫೋರ್‌ಮನ್ ಗೋವಿಂದನ್. ಪಾಲಕ್ಕಾಡಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ತಮಿಳನ್ನು ಮಲಯಾಳದ ರಾಗದಲ್ಲಿ ಓದುತ್ತಿದ್ದರು. ಕೊಲೆಯ ದೃಶ್ಯವೂ ಅವರ ಬಾಯಲ್ಲಿ ತೊಟ್ಟಿಲ ಹಾಡಿನಂತೆ ಕೇಳುತ್ತಿತ್ತು. ಪಂಚಾಂಗ, ಕುರಿಚಿಯ ಫೌಂಡ್ರಿಗಳ ರಸೀದಿ ಪುಸ್ತಕ, ಮದುವೆ ಪತ್ರಿಕೆ, ಎಲ್ಲವನ್ನೂ ನಾವಿಬ್ಬರೂ ಹೀಗೇ ಓದಿದೆವು.

ಒಮ್ಮೆ ಸಾವಿನ ಪೋಸ್ಟರ್ ಒಂದಕ್ಕೆ ನಾನು ಒಪ್ಪಿಗೆಯ ಸಹಿ ಹಾಕಿದೆ. ಹೆಸರು ಸರಿ, ಊರು ಸರಿ, ಮೊಮ್ಮಕ್ಕಳ ಹೆಸರು ಸಹ ಸರಿ. ಫೋಟೋ ಮಾತ್ರ ಸತ್ತವನದಲ್ಲ, ಅವನ ಅಣ್ಣನದು. ಬೆಳಗ್ಗೆ ಊರಿನ ಗೋಡೆಗಳ ಮೇಲೆಲ್ಲ ಅಂಟಿಸಿಯಾಗಿತ್ತು. ಹತ್ತು ಗಂಟೆಗೆ ಅಣ್ಣ ಸ್ವತಃ ಪ್ರೆಸ್ಸಿಗೆ ಬಂದರು.

"ಇಲ್ಲಿ ಪ್ರೂಫ್ ನೋಡೋದು ಯಾರಪ್ಪಾ? ಬಾ, ನನ್ನನ್ನೂ ಒಂದ್ಸಲ ನೋಡು. ಉಸಿರು ಗಿಸಿರು ಇದ್ರೆ ತಿದ್ದಿ ಕೊಡು."

ಮೊದಲಾಳಿ ನನ್ನ ಕಡೆ ತಿರುಗಿದರು. ಗೋವಿಂದನ್ ಮಸಿ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು. "ಫೋಟೋದ ಬ್ಲಾಕ್ ಬದಲಾಯಿಸಿದ್ದು ನಾನು ಮೊದಲಾಳಿ. ಪ್ರೂಫ್ ನೋಡುವಾಗ ಸರಿಯಾಗಿಯೇ ಇತ್ತು."

ಇರಲಿಲ್ಲ. ಆ ಬೈಗುಳ ನನ್ನದು, ಅವರು ತಿಂದರು. ಆಮೇಲೆ ಚಹಾ ಕುಡಿಯುವಾಗ, "ಯಾಕೆ ಹಾಗೆ ಹೇಳಿದಿರಿ?" ಎಂದು ಕೇಳಿದೆ. "ನಿನಗೆ ಈಗಷ್ಟೇ ಮದುವೆ ಆಗಿದೆಯಲ್ಲ," ಎಂದರು, ಅದೊಂದು ಉತ್ತರವೆಂಬಂತೆ.

ಇದನ್ನು ನೆನಪಿಡಿ. ನಾನು ನೆನಪಿಡಲಿಲ್ಲ.

ಸೌಡಮ್ಮ ಬಂದದ್ದು ಅದಾಗಿ ಒಂದೆರಡು ವರ್ಷಕ್ಕೆ. ನೆಗಮಂನಲ್ಲಿ ನಮ್ಮ ಬೀದಿಗೆ ಎರಡು ಬೀದಿ ಆಚೆಯವರು, ಎಪ್ಪತ್ತರ ಹತ್ತಿರ ವಯಸ್ಸು, ಕೊನೆವರೆಗೂ ಮಗ್ಗ ಬಿಡದವರು. ಹುಡುಗಿಯಾಗಿದ್ದಾಗ ಅಪ್ಪನ ಸೀರೆ ವ್ಯಾಪಾರದ ಜೊತೆ ರಂಗೂನಿಗೆ ಹೋಗಿ, ಬಾಂಬು ಬಿದ್ದ ಮೇಲೆ ಜನದ ಜೊತೆ ಕಾಡು ಬೆಟ್ಟ ನಡೆದು ವಾಪಸು ಬಂದವರು. ಹಳೆಯ ಸೀರೆಯಲ್ಲಿ ಸುತ್ತಿದ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. ಚಿಕ್ಕವರನ್ನೆಲ್ಲ ಅವರು ಅಕ್ಕರೆಯಿಂದ ಕರೆಯುತ್ತಿದ್ದದ್ದು 'ಕಣ್ಣು' ಎಂದೇ.

"ಕತೆ ಬರೆದಿದ್ದೀನಿ ಕಣ್ಣು. ನಿಮ್ಮ ಮೊದಲಾಳಿ ಹಾಕ್ತೀನಿ ಅಂದಿದ್ದಾರೆ. ನೀ ನಮ್ಮವನು, ಕಣ್ಣಿಟ್ಟು ನೋಡಿಕೋ."

"ನೀವು ನಡೆದು ಬಂದದ್ದಾ ದೊಡ್ಡಮ್ಮಾ?"

"ನಾನು ನಡೆದೆ, ಅಷ್ಟೇ. ಕತೆ ಬೇರೆಯವರದು."

ಕತೆ ಇದು. ರಂಗೂನಿನ ಮೇಲೆ ಬಾಂಬು ಬೀಳುವ ದಿನ ಅವನು ಸೀರೆ ಗಂಟು ಹೊತ್ತು ಮಾಂಡಲೆಯಲ್ಲಿ, ಅವಳು ರಂಗೂನಿನಲ್ಲಿ. ಅವಳನ್ನು ಹುಡುಕಿ ಅವನು ದಕ್ಷಿಣಕ್ಕೆ ಇಳಿಯುತ್ತಾನೆ. ಅವನನ್ನು ಹುಡುಕಿ ಅವಳು ಉತ್ತರಕ್ಕೆ ಏರುತ್ತಾಳೆ. ಐರಾವತಿ ನದಿಯ ಒಂದು ಕಡವಿನಲ್ಲಿ, ಒಂದೇ ಸಂಜೆ, ಎದುರು ಬದುರು ಹೋಗುವ ಎರಡು ದೋಣಿಯಲ್ಲಿ ಒಬ್ಬರನ್ನೊಬ್ಬರು ದಾಟಿಹೋಗುತ್ತಾರೆ. ಆಮೇಲೆ ಅವನಿಗೆ ಅರಕಾನದ ಬೆಟ್ಟ, ಅವಳಿಗೆ ಮಣಿಪುರದ ಕಾಡು. ಇಬ್ಬರೂ ಊರು ಸೇರುತ್ತಾರೆ. ಆ ದೋಣಿಗಳ ವಿಷಯ ಇಬ್ಬರಿಗೂ ಕೊನೆವರೆಗೆ ತಿಳಿಯುವುದಿಲ್ಲ. ಓದುವವರಿಗೆ ಮಾತ್ರ ಗೊತ್ತು.

ಓದುವವರಿಗೆ ಗೊತ್ತಾಗಬೇಕಾದರೆ ಅವನ ಒಂದು ಅಧ್ಯಾಯ, ಅವಳ ಒಂದು ಅಧ್ಯಾಯ, ಹೀಗೆ ಬರಬೇಕು. ಸೌಡಮ್ಮ ಪುಟಸಂಖ್ಯೆ ಹಾಕಿರಲಿಲ್ಲ. ಅವರಿಗೆ ಅದರ ಅಗತ್ಯವೇ ಕಂಡಿರಲಿಲ್ಲ. ನಮ್ಮ ಮನೆಗಳಲ್ಲಿ ಮಗ್ಗಕ್ಕೆ ಬಿಗಿದ ಉದ್ದದ ಎಳೆಗಳ ಹಾಸಿನಲ್ಲಿ ಎಷ್ಟನೆಯ ಸೀರೆ ನಡೆಯುತ್ತಿದೆ ಎಂದು ಗುರುತಿಗೆ ಅಂಚಿಗೊಂದು ಬಣ್ಣದ ನೂಲು ಕಟ್ಟಿ ಗಂಟು ಹಾಕುತ್ತಿದ್ದರು: ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಅದನ್ನೇ ಅವರು ಕಾಗದಕ್ಕೂ ಮಾಡಿದ್ದರು. ಅವನ ಅಧ್ಯಾಯಗಳ ಮೂಲೆಗೆ ಕೆಂಪು ನೂಲು, ಅವಳವಕ್ಕೆ ಹಳದಿ. ಒಂದು ಗಂಟಿನಿಂದ ಹನ್ನೆರಡು ಗಂಟಿನವರೆಗೆ, ಎರಡು ಬಣ್ಣದಲ್ಲೂ. ಮೂರು ಗಂಟಿನ ಕೆಂಪು ಆದ ಮೇಲೆ ಮೂರು ಗಂಟಿನ ಹಳದಿ. ನೇಕಾರರ ಮನೆಯ ಮಗುವಿಗೂ ಅರ್ಥವಾಗುವ ಲೆಕ್ಕ.

ಆ ನೂಲುಗಳನ್ನು ಗೋವಿಂದನ್ ಕತ್ತರಿಸಿದರು.

ಹೀಗೆಂದು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ದೃಶ್ಯವೂ ಕಣ್ಣಿಗೆ ಕಟ್ಟಿದಂತಿದೆ: ಗೋವಿಂದನ್‌ರ ಮಸಿ ಹಿಡಿದ ಹೆಬ್ಬೆರಳು, ಕತ್ತರಿಯ ಬಾಯಿ, ಮೇಜಿನ ಮೇಲೆ ಬಿದ್ದ ಕೆಂಪು ಹಳದಿ ಚೂರುಗಳು. ಆ ಸಾಲನ್ನು ಹೊಡೆದುಹಾಕಿ. ಆ ವಾರ ಗೋವಿಂದನ್ ಓಣಂ ಹಬ್ಬಕ್ಕೆ ಪಾಲಕ್ಕಾಡಿಗೆ ಹೋಗಿದ್ದರು; ವಾಪಸು ಬಂದಾಗ ನನಗೆ ನೇಂದ್ರ ಬಾಳೆ ಚಿಪ್ಸ್ ತಂದುಕೊಟ್ಟರು. ಪ್ರೆಸ್ಸಿನಲ್ಲಿ ಇಲ್ಲದ ಮನುಷ್ಯನ ಹೆಬ್ಬೆರಳನ್ನು ಇಷ್ಟು ಸ್ಪಷ್ಟವಾಗಿ ನೋಡಿದ ಕಣ್ಣು ನನ್ನದು.

ಕತ್ತರಿಸಿದ್ದು ನಾನು. ಪೊಂಗಲ್ ಹೊತ್ತಿಗೆ ಪುಸ್ತಕ ಬರಬೇಕೆಂದು ಮೊದಲಾಳಿಗೆ ಅವಸರ. ಮೊಳೆ ಜೋಡಿಸುವವರು ಇಬ್ಬರು ಖಾಲಿ ಕೂತಿದ್ದರು. ಮೂಲೆಯ ನೂಲು ಬಿಡಿಸದೆ ಹಾಳೆಗಳನ್ನು ಅವರ ಚೌಕಟ್ಟಿಗೆ ಸಿಕ್ಕಿಸಲು ಬರುವುದಿಲ್ಲ. ಕತ್ತರಿ ತೆಗೆದುಕೊಂಡೆ. ಗಂಟು ಕಾಣಲಿಲ್ಲವೇ? ಕಂಡಿತು. ಒಂದೆರಡನ್ನು ಎಣಿಸಿದೆ ಕೂಡ. ಅದು ಏನೆಂದು ಆ ಪ್ರೆಸ್ಸಿನಲ್ಲಿ ತಿಳಿದಿದ್ದವನು ನಾನೊಬ್ಬನೇ. ತಿಳಿದವನೇ ಕತ್ತರಿಸಿದೆ, ಕೆಂಪಿನ ಹಾಳೆಯೆಲ್ಲ ಒಬ್ಬನಿಗೆ, ಹಳದಿಯದೆಲ್ಲ ಇನ್ನೊಬ್ಬನಿಗೆ ಹಂಚಿದೆ. ಕೆಲಸ ಬೇಗ ಆಗುತ್ತದೆ, ಆಮೇಲೆ ಸೇರಿಸಿದರಾಯಿತು, ನನಗೆ ನೆನಪಿರುತ್ತದೆ ಎಂದುಕೊಂಡೆ. ಪ್ರೊಫೆಸರರೇ, ನಿಮ್ಮ ಎರಡು ಹೋಳಿನ ಪ್ರಯೋಗ ಇದು.

ಮೂರನೆಯ ದಿನ ಹಳದಿ ಹಾಳೆಯವನು ಎದ್ದು ಬಂದ. "ಪ್ರೂಫ್, ಇದು ಯಾವ ಭಾಷೆ? ಅಕ್ಷರ ನಮ್ಮದು, ಮಾತು ನಮ್ಮದಲ್ಲ."

ಅವಳ ಹನ್ನೆರಡರಲ್ಲಿ ಐದು ಅಧ್ಯಾಯ ಹೆಚ್ಚುಕಡಿಮೆ ಪೂರ್ತಿ ಕನ್ನಡ, ತಮಿಳು ಅಕ್ಷರದಲ್ಲಿ. ಗುಂಪು ಚದುರಿ ಅವಳು ಒಂಟಿಯಾದಾಗಲೆಲ್ಲ ಮನೆಮಾತಿಗೆ ತಿರುಗುತ್ತಾಳೆ. ತನ್ನ ಜೊತೆ ತಾನೇ ಜಗಳವಾಡುತ್ತಾಳೆ, ಕಾಲನ್ನು ಬೈಯುತ್ತಾಳೆ, ದಾರಿಯಲ್ಲಿ ಬಿದ್ದುಹೋದವರಿಗೆ ಸಮಾಧಾನ ಹೇಳುತ್ತಾಳೆ. ಹಾಳೆಗಳು ಮೊದಲಾಳಿಯ ಮೇಜಿಗೆ ಹೋದವು. ಅವರು ನನ್ನನ್ನು ಕರೆದರು.

"ಇದರಲ್ಲಿ ಏನಿದೆ, ಪ್ರೂಫ್? ಮುಖ್ಯವಾದದ್ದಾ?"

"ಮನೆಮಾತು ಮೊದಲಾಳಿ. ಹೆಂಗಸರ ಗೊಣಗಾಟ. ಇಲ್ಲದಿದ್ದರೂ ಕತೆ ನಡೆಯುತ್ತೆ."

ಯಾಕೆ ಹಾಗೆ ಹೇಳಿದೆ? ತಮಿಳಿಗೆ ತಿರುಗಿಸಿಕೊಡು ಎಂದು ನನ್ನ ತಲೆಗೆ ಕಟ್ಟುತ್ತಾರೆಂಬ ಭಯ, ಇದು ಒಂದು. ಇನ್ನೊಂದು ಹೇಳಲು ಕಷ್ಟ. ಮಗ್ಗದ ಗುಂಡಿಯಿಂದ ಎದ್ದು ಬಂದು ಬಿಳಿ ಅಂಗಿ ಹಾಕಿ ಕುರ್ಚಿಯಲ್ಲಿ ಕೂತವನು ನಾನು. ಆ ಮಾತು ಅಚ್ಚಾಗುವಷ್ಟು ದೊಡ್ಡದೆಂದು ನನಗೇ ಅನ್ನಿಸಿರಲಿಲ್ಲ. ಮೊದಲಾಳಿ ಐದನ್ನು ತೆಗೆದು ಪಕ್ಕಕ್ಕಿಟ್ಟರು. ಅಷ್ಟು ಹೊತ್ತಿಗೆ ಕೆಂಪು ಹಾಳೆಯವನು ಹದಿನಾರು ಪುಟದ ಮೊಳೆ ಜೋಡಿಸಿ ಬಿಗಿದು ಆಗಿತ್ತು. ಇನ್ನು ಬೆಸೆಯುವ ಮಾತೆಲ್ಲಿ? ಅವನದು ಮೊದಲು, ಅವಳ ಏಳು ಆಮೇಲೆ. ಓಣಂ ಮುಗಿಸಿ ಬಂದ ಗೋವಿಂದನ್ ಅದನ್ನು ತೊಟ್ಟಿಲ ಹಾಡಿನ ರಾಗದಲ್ಲಿ ಓದಿದರು, ನಾನು ಬೆರಳಿಟ್ಟು ಹಿಂಬಾಲಿಸಿದೆ. ಅಕ್ಷರದ ತಪ್ಪು ಒಂದೂ ಉಳಿಯಲಿಲ್ಲ. ಅಂಥ ಶುದ್ಧ ಪುಸ್ತಕ ಆ ವರ್ಷ ನಮ್ಮಲ್ಲಿ ಬೇರೊಂದು ಬರಲಿಲ್ಲ.

ಹೊಸ ಪುಸ್ತಕ ಮತ್ತು ಹಸ್ತಪ್ರತಿ ಒಯ್ಯಲು ಸೌಡಮ್ಮ ಬಂದರು. ಹಾಳೆ ಕಟ್ಟಿಕೊಡಲು ಹುರಿ ಸಿಗದೆ, ನನ್ನ ಡ್ರಾಯರಿನಲ್ಲಿ ಬಿದ್ದಿದ್ದ ಅವರದೇ ನೂಲುಗಳನ್ನು ಒಂದಕ್ಕೊಂದು ಸೇರಿಸಿ ಉದ್ದ ಮಾಡಿ ಕಟ್ಟಿಟ್ಟಿದ್ದೆ. ಅವರು ಮೊದಲು ಪುಸ್ತಕ ತೆರೆದರು. ನಿಂತೇ ತಿರುವಿದರು. ಬಹಳ ಹೊತ್ತು ತಿರುವಿದರು.

"ಇದೇನು ಕಣ್ಣು, ಅವನು ನಡೆದು ಮುಗಿಸಿ ಊರಲ್ಲಿ ಕೂತ ಮೇಲೆ ಇವಳು ರಂಗೂನಲ್ಲಿ ಏಳ್ತಾಳಲ್ಲ. ಇಬ್ರೂ ಒಟ್ಟಿಗೆ ತಾನೇ ನಡೆದದ್ದು?"

ಮೊದಲಾಳಿ ನನ್ನ ಮುಖ ನೋಡಿದರು. "ಹಾಳೆ ಹೇಗೆ ಕಲೆತು ಹೋಯಿತು, ಪ್ರೂಫ್?"

"ಗೋವಿಂದನ್ ನೂಲು ಕತ್ತರಿಸಿಬಿಟ್ಟರು ಮೊದಲಾಳಿ," ಎಂದೆ.

ಗೋವಿಂದನ್ ಮೂರು ಅಡಿ ದೂರದಲ್ಲಿ ನಿಂತಿದ್ದರು. ನನ್ನ ಕಡೆ ನೋಡಿದರು. 'ಓಣಂ' ಎಂಬ ಒಂದೇ ಶಬ್ದ ಸಾಕಿತ್ತು. ಹೇಳಲಿಲ್ಲ. ಮೊದಲಾಳಿ ಬೈದರು, ಅವರು ಕೇಳಿಸಿಕೊಂಡು ಮಸಿ ಡಬ್ಬಿಯ ಮುಚ್ಚಳ ಹಾಕಿದರು. ಎರಡು ತಿಂಗಳಿಗೆ ತಾಯಿಗೆ ಹುಷಾರಿಲ್ಲ ಎಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಇದರಿಂದಲೇ ಹೋದರೆಂದು ಹೇಳಲಾರೆ. ಅಲ್ಲವೆನ್ನುವ ಧೈರ್ಯವೂ ಇಲ್ಲ. ಅವರು ತೀರಿಕೊಂಡ ಸುದ್ದಿ ಬಂದದ್ದು ನಾನು ನಿವೃತ್ತನಾಗುವ ವರ್ಷ.

ಸೌಡಮ್ಮ ಹಸ್ತಪ್ರತಿಯ ಕಟ್ಟು ಎತ್ತಿಕೊಂಡರು. ನೂಲಿನ ಮೇಲೆ ಹೆಬ್ಬೆರಳು ಆಡಿಸಿದರು.

"ಗೋವಿಂದನ್‌ದು ಯಾವ ಊರು ಕಣ್ಣು?"

"ಪಾಲಕ್ಕಾಡು ದೊಡ್ಡಮ್ಮಾ."

"ಅವರ ಮನೇಲೂ ಮಗ್ಗ ಉಂಟಾ?"

"ಗೊತ್ತಿಲ್ಲ," ಎಂದೆ. ಮುದುಕಿ ದುಃಖದಲ್ಲಿ ಏನೇನೋ ಕೇಳುತ್ತಿದೆ ಎಂದುಕೊಂಡೆ. ಆಮೇಲೆ ನಾನು ಅವರ ಬೀದಿಗೆ ಕಾಲಿಡಲಿಲ್ಲ. ಅವರು ಸತ್ತಾಗಲೂ.

ಪ್ರೆಸ್ಸಿನಲ್ಲಿ ಸೀಸ ಹೋಗಿ ಆಫ್‌ಸೆಟ್ ಬಂತು, ಆಮೇಲೆ ಕಂಪ್ಯೂಟರ್. ಗಟ್ಟಿಯಾಗಿ ಓದುವುದು ನಿಂತುಹೋಯಿತು. ತನಗೆ ತಿಳಿಯದ ಪದ ಕಂಡರೆ ಯಂತ್ರ ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಹಳಬರು ಅದನ್ನು ಬೈಯುವುದು ಕೇಳಿದ್ದೇನೆ. ನಾನು ಬೈಯಲಾರೆ. ಯಂತ್ರ ಗೆರೆ ಎಳೆದು ಸುಮ್ಮನಾಗುತ್ತದೆ; ಐದು ಅಧ್ಯಾಯ ತೆಗೆದುಹಾಕಲು ಮನುಷ್ಯ ಬೇಕು.

ಈಗ ಆ ಮುನ್ನುಡಿಗೆ ಬರುತ್ತೇನೆ. ಅವನ ಆರನೆಯ ಅಧ್ಯಾಯದಲ್ಲಿ ಒಂದು ಸಾಲಿದೆ: ಎದುರು ದೋಣಿಯಿಂದ ಯಾರೋ ಮನೆಮಾತಿನಲ್ಲಿ ಬೈದದ್ದು ಕೇಳಿಸಿತು, ತಿರುಗಿ ನೋಡಿದ, ದೋಣಿಯ ತುಂಬ ತಲೆಗಳು. ಇದಕ್ಕೆ ಪ್ರೊಫೆಸರರು ಒಂದೂವರೆ ಪುಟ ಬರೆದಿದ್ದಾರೆ. ಆ ದನಿ ನಿಜವಲ್ಲವಂತೆ, ನಾಯಕನ ಒಂಟಿತನದ ಭ್ರಮೆಯಂತೆ. ಭ್ರಮೆ! ಬೈದವಳು ಅವಳೇ. ಅವಳ ಆರನೆಯ ಅಧ್ಯಾಯದಲ್ಲಿ ಬೈಯುತ್ತಾಳೆ, ಜೋರಾಗಿ, ಕನ್ನಡದಲ್ಲಿ. ಅದನ್ನೇ ನಾವು ಕಿತ್ತುಹಾಕಿದ್ದು. ಒಬ್ಬಳು ಹೆಣ್ಣು ಗಂಟಲು ಹರಿಯುವಂತೆ ಕೂಗಿದ್ದಾಳೆ, ಮೂವತ್ತು ವರ್ಷದಿಂದ ಕಾಲೇಜಿನಲ್ಲಿ ಅವಳ ಮೌನದ ಪಾಠ ನಡೆಯುತ್ತಿದೆ.

ಮೊದಲಾಳಿಯ ಮಗನಿಗೆ ಫೋನ್ ಮಾಡಿದೆ.

"ಪ್ರೂಫ್ ಮಾಮಾ, ಅದು ಪಾಠಪುಸ್ತಕ ಈಗ. ಹಾಗೇ ಇರಲಿ ಬಿಡಿ. ಅಧ್ಯಾಯ ಹಾಗಿತ್ತು ಹೀಗಿತ್ತು ಅನ್ನೋದಕ್ಕೆ ಆಧಾರ ಏನಿದೆ? ಅಪ್ಪ ಹೇಳ್ತಿದ್ದರು, ಆ ಮಲಯಾಳಿ ಫೋರ್‌ಮನ್ ಹಾಳುಮಾಡಿದ ಅಂತ."

"ಆ ಫೋರ್‌ಮನ್ ಅಲ್ಲ, ನಾನು. ಬರೆದು ಸಹಿ ಹಾಕಿ ಕೊಡ್ತೀನಿ."

"ನಿಮ್ಮ ಸಹಿ ಸಾಕಾಗಲ್ಲ ಮಾಮಾ. ಹಸ್ತಪ್ರತಿ ಇದ್ದರೆ ತನ್ನಿ. ಇದ್ದರೆ ಹಾಕ್ತೀನಿ, ಅಪ್ಪನ ಮೇಲಾಣೆ."

ಹೀಗೆ ಉಕ್ಕಡಂನಲ್ಲಿ ಬಸ್ ಹತ್ತಿ ನೆಗಮಂಗೆ ಹೋದೆ. ಮಲರ್ ಕೂಡ ಬಂದಳು, ಹೆಗಲಿಗೆ ಲ್ಯಾಪ್‌ಟಾಪ್ ಹಾಕಿಕೊಂಡು. ಬಾಗಿಲು ತೆರೆದವಳು ಸೌಡಮ್ಮನ ಸೊಸೆ ರುಕ್ಕು. ಈಗ ಅವಳಿಗೂ ಅರವತ್ತು. ಹಿಂದೆ ಪವರ್‌ಲೂಮಿನ ಸದ್ದು.

"ಪ್ರೂಫ್ ಅಣ್ಣನಾ! ದಾರಿ ಮರೆತು ಬಂದಿರಾ? ಅತ್ತೆ ಸತ್ತು ಇಪ್ಪತ್ತು ವರ್ಷ ಆಯ್ತು. ಮಾತಾಡಿಸೋಕೆ ಬಂದಿದ್ರೆ ತಡ ಆಯ್ತು."

ಒಳಗೆ ಕೂರಿಸಿ ನೀರು ಕೊಟ್ಟಳು. ನಾನು ಕಟ್ಟಿನ ವಿಷಯ ಕೇಳುವ ಮೊದಲೇ ಬೀರುವಿನಿಂದ ತಂದು ಮುಂದಿಟ್ಟಳು. ಅದೇ ಸೀರೆಯ ಸುತ್ತು, ಅದೇ ಕೆಂಪು ಹಳದಿ ನೂಲು. ಬಿಚ್ಚಿರಲಿಲ್ಲ.

"ಯಾಕೆ ಬಿಚ್ಚಲಿಲ್ಲ?"

"ಅತ್ತೆ ಬಿಡಲಿಲ್ಲ. ಗಂಟು ಹಾಕಿದವನು ಒಂದಿನ ಬರ್ತಾನೆ ಅಂದ್ರು."

"ಗೋವಿಂದನ್..." ಎಂದು ನನ್ನ ಬಾಯಿ ತಾನಾಗಿಯೇ ತೆರೆಯಿತು. ಹಳೆಯ ಚಾಳಿ.

ರುಕ್ಕು ನಕ್ಕಳು. "ಸಾಕು ಸುಮ್ನಿರಿ ಅಣ್ಣಾ. ನೂಲಿಗೆ ನೂಲು ಸೇರಿಸಿರೋ ಗಂಟು ನೋಡಿ. ಪಾಲಕ್ಕಾಡಿನವನು ಹಾಕೋ ಗಂಟಾ ಇದು?"

ನೋಡಿದೆ. ಮಗ್ಗದಲ್ಲಿ ಎಳೆ ಹರಿದರೆ ಹಾಕುವ ಗಂಟು, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆಯ ಹಲ್ಲಿನಲ್ಲಿ ಸಿಕ್ಕದೆ ಜಾರಿಹೋಗುವಷ್ಟು ಸಣ್ಣದು, ಚಪ್ಪಟೆ. ಎಂಟು ವರ್ಷದವನಿದ್ದಾಗ ಅಪ್ಪ ಹೊಡೆದು ಕಲಿಸಿದ್ದು. ಬಿಳಿ ಅಂಗಿ ಹಾಕಿದ ಮೇಲೂ ನನ್ನ ಬೆರಳು ಬೇರೆ ಗಂಟು ಕಲಿತಿರಲಿಲ್ಲ. ಇಪ್ಪತ್ತಮೂರು ಕಡೆ ನನ್ನ ಕೈಬರಹವಿತ್ತು. ಮುದುಕಿಗೆ ಪ್ರೆಸ್ಸಿನಲ್ಲಿ ನಿಂತಾಗಲೇ ಗೊತ್ತಾಗಿತ್ತು. ಮನೇಲಿ ಮಗ್ಗ ಉಂಟಾ ಎಂದು ಕೇಳಿದ್ದು ಸುಮ್ಮನೆ ಅಲ್ಲ, ನನಗೆ ಒಂದು ಅವಕಾಶ ಕೊಟ್ಟದ್ದು.

ಮಲರ್ ಕಟ್ಟಿನ ಮೇಲೆ ಬಗ್ಗಿದಳು. "ಸಾರ್, ಎಣಿಕೆಯ ಗಂಟುಗಳೂ ಇದಾವೆ! ಇಲ್ಲಿ ಕೆಂಪಿನಲ್ಲಿ ಒಂಬತ್ತು. ಇಲ್ಲಿ ಹಳದಿಯಲ್ಲಿ ಒಂಬತ್ತು."

ಅವಳು ಎಣಿಸಿ ಎಣಿಸಿ ಫೋಟೋ ತೆಗೆದಳು. ಕೆಂಪು ಒಂದರಿಂದ ಹನ್ನೆರಡು. ಹಳದಿ ಒಂದರಿಂದ ಹನ್ನೆರಡು. ಏಳಲ್ಲ.

"ಇದನ್ನು ಪ್ರೆಸ್ಸಿಗೆ ಒಯ್ಯಬೇಕು, ರುಕ್ಕು," ಎಂದೆ.

"ಮತ್ತೆ ಪ್ರೆಸ್ಸಿಗಾ?" ಅವಳ ನಗು ನಿಂತಿತು. "ಒಂದು ಹಾಳೆ ಈ ಹೊಸಿಲು ದಾಟಲ್ಲ. ಈ ಹುಡುಗಿ ಇಲ್ಲೇ ಕೂತು ಟೈಪ್ ಮಾಡಲಿ, ಎಷ್ಟು ದಿನ ಬೇಕಾದರೂ. ಊಟ ನಾನು ಹಾಕ್ತೀನಿ. ಮೊದಲು ನೀವು ಬಿಚ್ಚಿ."

ಕನ್ನಡಕ ಒರೆಸಿ ಕೂತೆ. ಮಗ್ಗದ ಗಂಟು ಬಿಚ್ಚಲೆಂದು ಹಾಕುವುದಲ್ಲ. ಉಗುರು ಜಾರಿತು. ಹಳೆಯ ನೂಲು, ಎಳೆದರೆ ಹರಿಯುತ್ತದೆ. ರುಕ್ಕು ಎದುರಿಗೆ ಕೂತು ನೋಡುತ್ತಿದ್ದಳು.

"ಕತ್ತರಿ ತರಲಾ ಅಣ್ಣಾ?"

"ಬೇಡ," ಎಂದೆ.

ಒಂದು ಗಂಟು ಬಿಚ್ಚುವಷ್ಟರಲ್ಲಿ ಊಟದ ಹೊತ್ತಾಯಿತು. ನಾಲ್ಕನೆಯದಕ್ಕೆ ಸುತ್ತು ಸಡಿಲವಾಗಿ ಹಾಳೆ ಜಾರಿ ಬಂದವು. ಮಲರ್ ಹುಡುಕಿದ್ದು ಒಂದನ್ನೇ: ನದಿ ದಾಟುವ ಅಧ್ಯಾಯ. ಐರಾವತಿ ಎಂಬ ಹೆಸರಿನ ಗುರುತಿನಿಂದ ಸಿಕ್ಕಿದ ಮೇಲೆ ಓದಲು ನೋಡಿದಳು. ಅಕ್ಷರ ಅವಳದು, ಮಾತು ಅವಳದಲ್ಲ. ಹಾಳೆಯನ್ನು ರುಕ್ಕುವಿನ ಕಡೆ ಸರಿಸಿದಳು. ರುಕ್ಕುವಿಗೆ ಕನ್ನಡದ ಅಕ್ಷರ ಒಂದೂ ಬರುವುದಿಲ್ಲ; ತಮಿಳು ಅಕ್ಷರದ ಮೇಲೆ ಬೆರಳಿಟ್ಟು ಮೊದಲು ಮೆಲ್ಲಗೆ, ಆಮೇಲೆ ಅರ್ಥವಾದಂತೆಲ್ಲ ಜೋರಾಗಿ ಓದಿದಳು.

"'ಅಯ್ಯೋ ಮೂದೇವಿ, ನನ್ನ ಹಣಿಗೆ ನೀರಿಗೆ ಹಾಕಿದ್ಯಲ್ಲೋ! ದೋಣಿ ನಿಲ್ಸೋ! ರಂಗೂನಿಂದ ತಲೆ ಮೇಲೆ ಹೊತ್ಕೊಂಡು ಬಂದಿದೀನಿ, ಊರಿಗೆ ಹೋಗಿ ಅವನು ಯಾತರಲ್ಲಿ ನೇಯ್ತಾನೋ, ನಿಲ್ಸೋ!'"

ಹಿಂದಿನ ಕೋಣೆಯಲ್ಲಿ ಮಗ್ಗ ನಿಂತಿತು. ಅಲ್ಲಿಂದ ರುಕ್ಕುವಿನ ಗಂಡ ಕೂಗಿ ಕೇಳಿದ, "ಯಾರನ್ನೇ ಬೈತಾ ಇದ್ದೀಯಾ?"